ಬಾಡಿಗೆದಾರರ ನಾಯಿ ಕಚ್ಚಿದರೆ ಮನೆ ಮಾಲೀಕರ ಹೊಣೆ ಎಷ್ಟು?

ವಿರಾಜಪೇಟೆ, ಕುಶಾಲನಗರದ ಕಡೆ ಮನೆ ಬಾಡಿಗೆಗೆ ಕೊಟ್ಟವರಿಗೆ ಕಾಡುವ ಪ್ರಶ್ನೆ ಇದು: ನಾಯಿ ಅವರದ್ದು, ಮನೆ ನಮ್ಮದು, ಯಾರಿಗಾದರೂ ಕಚ್ಚಿದರೆ ಪರಿಹಾರ ಯಾರು ಕೊಡಬೇಕು?

ಮೊದಲ ಹೊಣೆ ಸಾಕಿದವರದ್ದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ 6 ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಸ್ವಾಧೀನ’ ಎಂಬ ಪದವನ್ನು ಗಮನಿಸಿ. ಬಾಡಿಗೆ ಹಣ ಪಡೆದ ಮಾತ್ರಕ್ಕೆ ಆ ನಾಯಿ ಮನೆ ಮಾಲೀಕರ ಸ್ವಾಧೀನಕ್ಕೆ ಬರುವುದಿಲ್ಲ.

ಸಿವಿಲ್ ದಾವೆಯ ಲೆಕ್ಕವೇ ಬೇರೆ. ಅಲ್ಲಿ ನೋಡುವುದು ನಿರ್ಲಕ್ಷ್ಯವನ್ನು. ನಾಯಿ ಮೈಮೇಲೆ ಬೀಳುತ್ತದೆಂದು ಮಾಲೀಕರಿಗೆ ಗೊತ್ತಿತ್ತೇ, ತಡೆಯುವುದು ಅವರ ಕೈಲಿತ್ತೇ? ಪ್ರತ್ಯೇಕ ಮನೆಯ ಒಳಗೆ ಕಚ್ಚಿದರೆ ಮಾಲೀಕರತ್ತ ಬೆರಳು ತೋರಿಸುವುದು ಕಷ್ಟ. ತೋಟದ ಲೈನ್‌ಮನೆ (ಕೆಲಸಗಾರರ ಸಾಲುಮನೆ) ಹಾಗಲ್ಲ. ಅಂಗಳ, ನೀರಿನ ಟ್ಯಾಂಕ್, ಕಾಲುದಾರಿ ಎಲ್ಲರೂ ಬಳಸುವಂಥವು, ಉಸ್ತುವಾರಿ ತೋಟದವರದ್ದು. ಮಳೆಗಾಲದಲ್ಲಿ ಮರದ ಗೇಟು ನೀರು ಕುಡಿದು ಊದುತ್ತದೆ, ಅಗುಳಿ ತೂತಿಗೆ ಕೂರುವುದಿಲ್ಲ, ಯಾರೋ ಗೊಬ್ಬರದ ಚೀಲದ ದಾರ ಸುತ್ತಿರುತ್ತಾರೆ. ನಾಯಿ ಎರಡು ಸಲ ಮೂತಿಯಲ್ಲಿ ತಳ್ಳಿದರೆ ಸಾಕು, ದಾರ ಸಡಿಲ. ‘ಗೇಟು ಸರಿ ಮಾಡಿಸಿ, ನಾಯಿ ಹೊರಗೆ ಬರ್ತಿದೆ’ ಎಂಬ ವಾಟ್ಸಾಪ್ ಸಂದೇಶ ಮಾಲೀಕರ ಫೋನಿನಲ್ಲಿ ತಿಂಗಳಿಂದ ಬಿದ್ದಿದ್ದರೆ, ಗೊತ್ತಿರಲಿಲ್ಲ ಎಂಬ ವಾದ ಅಲ್ಲಿಗೇ ಮುಗಿಯಿತು. ಹೋಂಸ್ಟೇಯಲ್ಲಿ ಮನೆಯವರದ್ದೇ ನಾಯಿ ಅತಿಥಿಗೆ ಕಚ್ಚಿದರಂತೂ ಈ ಚರ್ಚೆಯೇ ಬೇಡ, ಹೊಣೆ ನೇರ.

ಕರಾರು ಪತ್ರದಲ್ಲಿ ನಾಯಿಗಳ ಸಂಖ್ಯೆ, ರೇಬೀಸ್ ಲಸಿಕೆಯ ದಿನಾಂಕ, ಹೊರಗೆ ಹಗ್ಗ ಹಿಡಿದೇ ಒಯ್ಯಬೇಕೆಂಬ ಷರತ್ತು, ಹಾನಿಯಾದರೆ ಬಾಡಿಗೆದಾರರೇ ಭರಿಸಬೇಕೆಂಬ ಮಾತು ಇರಲಿ. ಆದರೆ ಈ ಕೊನೆಯ ಷರತ್ತು ನಿಮ್ಮಿಬ್ಬರ ನಡುವೆ ಮಾತ್ರ. ಕಚ್ಚಿಸಿಕೊಂಡವರು ಅದಕ್ಕೆ ಸಹಿ ಹಾಕಿಲ್ಲ, ಅವರು ನಿಮ್ಮ ಮೇಲೂ ದಾವೆ ಹೂಡಬಹುದು. ಇದನ್ನು ತಿಳಿಯದೆ ಕರಾರನ್ನೇ ನಂಬಿ ಕೂರುವವರೇ ಹೆಚ್ಚು. ದೂರು ಬಂದ ದಿನವೇ ಲಿಖಿತ ನೋಟಿಸ್ ಕೊಟ್ಟು, ನಿಮ್ಮ ಪಾಲಿನ ಗೇಟು, ಬೇಲಿ ಸರಿ ಮಾಡಿಸಿ ಬಿಲ್ ಇಟ್ಟುಕೊಳ್ಳಿ. ‘ಸದಾ ಕಟ್ಟಿಹಾಕಿ’ ಎಂದು ಬರೆಯಬೇಡಿ: ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಕಚ್ಚಿದರೆ ಮೊದಲು ಗಾಯ. ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ ಬೇಡ. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ರಕ್ತ ಬಂದಿದ್ದರೆ ಗಾಯದೊಳಗೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕು. ಆಮೇಲೆ ಪೊಲೀಸ್ ದೂರು, ಔಷಧಿ ಬಿಲ್, ತಪ್ಪಿದ ಕೂಲಿಯ ಲೆಕ್ಕ. ಹಲ್ಲಿನ ಗುರುತಿಗೆ 10,000 ರೂಪಾಯಿ ಎಂಬ ಲೆಕ್ಕ ಹಿಡಿದು ಹೋಗಬೇಡಿ. ಅದು 2023ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಸರ್ಕಾರದ ಹೊಣೆಯ ಬಗ್ಗೆ ಹೇಳಿದ್ದು, ಮನೆ ಮಾಲೀಕರಿಗೆ ಸಂಬಂಧಿಸಿದ್ದಲ್ಲ. ಗೇಟಿನ ಫೋಟೋ ಮಾತ್ರ ಅಂದೇ ತೆಗೆದಿಡಿ, ದಾರ ಸುತ್ತಿದ ಅಗುಳಿ ಹತ್ತಿರದಿಂದ ಕಾಣುವಂತೆ.