ಚೀರ್ ಕೂಗುವ ಇಳಿಜಾರು

ನೈನಿತಾಲ್ ದಾಟಿ ಕಿಲ್ಬರಿ ಕಾಡಿನ ರಸ್ತೆಗೆ ಹೊರಳಿದ್ದೇ ಹಾರ್ನ್ ಸದ್ದು ಹಿಂದೆ ಉಳಿಯಿತು. ಅಲ್ಲಿಂದ ಪಂಗೋಟ್ ಹಳ್ಳಿಗೆ ಹೆಚ್ಚೆಂದರೆ 15 ಕಿಲೋಮೀಟರ್. ಮಾರ್ಚ್ ತಿಂಗಳು. ಪಾಚಿ ಹತ್ತಿದ ಬಾಂಜ್ ಎಂಬ ಓಕ್ ಮರಗಳ ನಡುವೆ ಬುರಾಂಶ್, ಅಂದರೆ ರೋಡೋಡೆಂಡ್ರಾನ್, ಕೆಂಪಗೆ ಅರಳಿ ನಿಂತಿತ್ತು. ಒಂದು ತಿರುವಿನಲ್ಲಿ ಡ್ರೈವರ್ ತಾವಾಗಿಯೇ ಗಾಡಿ ನಿಲ್ಲಿಸಿದರು. ಎದುರಿಗೆ ತ್ರಿಶೂಲ ಶಿಖರ, ಅದರ ಬಲಕ್ಕೆ 7816 ಮೀಟರ್ ಎತ್ತರದ ನಂದಾದೇವಿ.

ಪಂಗೋಟ್ ಎಂದರೆ ಒಂದಷ್ಟು ಮನೆ, ಮೆಟ್ಟಿಲು ಹೊಲ, ಸುತ್ತ ಕಾಡು, ಅಷ್ಟೆ. 2015ರಿಂದ ಈ ಸುತ್ತಿನ ಕಾಡು ನೈನಾದೇವಿ ಹಿಮಾಲಯನ್ ಪಕ್ಷಿ ಸಂರಕ್ಷಣಾ ಮೀಸಲಿಗೆ ಸೇರಿದೆ. ಮರುದಿನ ಬೆಳಕು ಹರಿಯುವ ಮುಂಚೆ ಊರಿನ ಹುಡುಗನೊಬ್ಬ ಗೈಡಾಗಿ ಬಂದ. ನೂರು ಹೆಜ್ಜೆ ನಡೆಯುವುದರೊಳಗೆ, "ದೀದಿ, ಸಾಕು. ಇಲ್ಲೇ ನಿಲ್ಲೋಣ" ಎಂದ.

ನಿಂತೆವು. ಅರ್ಧ ಗಂಟೆ ಒಂದು ರೆಕ್ಕೆಯೂ ಅಲುಗಲಿಲ್ಲ. ಕೈಬೆರಳು ಮರಗಟ್ಟಿ ಬೈನಾಕ್ಯುಲರ್ ಹಿಡಿಯುವುದೇ ಕಷ್ಟವಾಯಿತು. ಆಮೇಲೆ ಎಲ್ಲಿಂದಲೋ ಸಣ್ಣಗೆ ಚಿಪ್ ಚಿಪ್ ಎಂದು ಶುರುವಾಗಿ, ನೋಡನೋಡುತ್ತ ಇಡೀ ಮರ ಹಕ್ಕಿಮಯ. ಚೇಕಡಿಗಳು, ಬೆಳ್ಗಣ್ಣಗಳು, ರೂಫಸ್ ಸಿಬಿಯಾ, ಒಂದು ಮರಕುಟಿಗ. ಒಂದೇ ಕಾಂಡದಲ್ಲಿ ಟ್ರೀಕ್ರೀಪರ್ ಕೆಳಗಿನಿಂದ ಮೇಲಕ್ಕೆ ಹತ್ತುತ್ತಿದ್ದರೆ ನಟ್‌ಹ್ಯಾಚ್ ತಲೆಕೆಳಗಾಗಿ ಇಳಿಯುತ್ತಿತ್ತು. ಹತ್ತುವವಳ ಕಣ್ಣಿಗೆ ಬೀಳದ ಹುಳ ಇಳಿಯುವವಳಿಗೆ ಸಿಗುತ್ತದೆ. ಹೀಗೆ ಹಲವು ಜಾತಿ ಕೂಡಿ ಸಾಗುವಾಗ ಗಿಡುಗ ಬಂದರೂ ಯಾರಾದರೊಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಾಲ್ಕೈದು ನಿಮಿಷ, ಅಷ್ಟರಲ್ಲಿ ಹಿಂಡು ಮುಂದೆ ಹೋಯಿತು, ಮತ್ತೆ ಮೌನ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವವರನ್ನೂ ಅಲ್ಲಿ ಕಂಡೆ. ಗೂಡು ಕಟ್ಟುವ ಕಾಲದಲ್ಲಿ ಗಂಡುಹಕ್ಕಿ ಮೇವು ಬಿಟ್ಟು ಇಲ್ಲದ ವೈರಿಯನ್ನು ಹುಡುಕುವಂತೆ ಮಾಡುವುದು ಅನ್ಯಾಯ. ದಯವಿಟ್ಟು ಮಾಡಬೇಡಿ.

ಎರಡನೆಯ ದಿನ 2615 ಮೀಟರಿನ ನೈನಾ ಪೀಕ್ ಹತ್ತಿದೆವು. ಏದುಸಿರು ಬಿಡುತ್ತ ಕೂತಿದ್ದಾಗ ಗಡ್ಡದ ರಣಹದ್ದೊಂದು ನಮಗಿಂತ ಕೆಳಗೆ ತೇಲಿಹೋಯಿತು. ಮೂಳೆಯನ್ನು ಬಂಡೆಯ ಮೇಲೆ ಬೀಳಿಸಿ ಒಡೆದು ತಿನ್ನುವ ಹಕ್ಕಿ ಅದು. ಅದರ ಬೆನ್ನನ್ನು ಮೇಲಿನಿಂದ ನೋಡುವ ಭಾಗ್ಯ ಬಯಲಿನವರಿಗೆಲ್ಲಿ!

ನಾನು ಬಂದದ್ದು ಮಾತ್ರ ವಿನಾಯಕ ಎಂಬ ಜಾಗದ ಕಡೆಯ ಹುಲ್ಲಿನ ಇಳಿಜಾರಿಗಾಗಿ. ಚೀರ್ ಎಂಬ ಕಾಡುಕೋಳಿಗೆ ಕಡಿದಾದ, ಎತ್ತರದ ಹುಲ್ಲಿನ ಗುಡ್ಡವೇ ಬೇಕು. ಊರವರು ದನಕ್ಕೆ ಹುಲ್ಲು ಕೊಯ್ಯುತ್ತ ಬಂದದ್ದರಿಂದಲೇ ಇಂಥ ಎಷ್ಟೋ ಇಳಿಜಾರುಗಳು ಪೊದೆ ಬೆಳೆಯದೆ ಉಳಿದಿವೆ. ಇಂಥದೇ ಹುಲ್ಲಿನಲ್ಲಿ ಹಿಮಾಲಯನ್ ಕ್ವೇಲ್ ಎಂಬ ಲಾವುಗೆಯೂ ಇತ್ತು. ಅದು ಕೊನೆಯ ಸಲ ಖಚಿತವಾಗಿ ಸಿಕ್ಕಿದ್ದು 1876ರಲ್ಲಿ, ನೈನಿತಾಲಿನ ಶೇರ್ ಕಾ ದಾಂಡಾ ಬೆಟ್ಟದಲ್ಲಿ. ಕಾಲಿಗೆ ಸಿಗುವಷ್ಟು ಹತ್ತಿರ ಹೋಗುವವರೆಗೂ ಹಾರುತ್ತಿರಲಿಲ್ಲವಂತೆ. ಅದು ಅಳಿದುಹೋಯಿತೆಂದು ಇಂದಿಗೂ ಅಧಿಕೃತವಾಗಿ ಘೋಷಿಸಿಲ್ಲ. ಅದಕ್ಕೇ ಅಲ್ಲಿ ಹುಲ್ಲು ಅಲುಗಿದಾಗಲೆಲ್ಲ ನನ್ನ ಉಸಿರು ನಿಲ್ಲುತ್ತಿತ್ತು.

ಸೂರ್ಯ ಇಳಿದ ಮೇಲೆ ಚೀರ್ ಕೂಗಿತು. ಕಣಿವೆಯ ಆಚೆಯಿಂದ ಇನ್ನೊಂದು ಓಗೊಟ್ಟಿತು. ಹುಡುಗ ಹುಲ್ಲಿನ ಒಂದು ಕಡೆಗೆ ಬೆರಳು ತೋರಿಸಿದ. ಎಷ್ಟು ನೋಡಿದರೂ ನನಗೆ ಹುಲ್ಲೇ ಕಂಡಿತು. "ನಾಳೆ ಐದಕ್ಕೇ ಬರೋಣ ದೀದಿ" ಎಂದ. ನನ್ನ ಬಸ್ಸು ಏಳಕ್ಕಿತ್ತು, ಅದನ್ನು ಬಿಟ್ಟುಬಿಟ್ಟೆ.