ಭರಣಿಯ ಮಾವಿನಕಾಯಿ: ಉಪ್ಪು ಬಿಟ್ಟಿತು, ಹುಳಿ ಉಳಿಯಿತು

ಸಿಕ್ಕಿತು ಮಾರಾಯ್ರೆ! ಭರಣಿಯಲ್ಲಿ ಉಪ್ಪು ಹಾಕಿಟ್ಟ ಮಾವಿನಕಾಯಿಯಿಂದ ಉಪ್ಪನ್ನು ಹೊರಗೆಳೆದು, ಹುಳಿಯನ್ನು ಒಳಗೇ ಉಳಿಸಿಕೊಳ್ಳುವ ದಾರಿ ಕೊನೆಗೂ ಸಿಕ್ಕಿತು. ಈ ಆಟಿ (ತುಳುವರ ಮಳೆಗಾಲದ ತಿಂಗಳು) ಪೂರ್ತಿ ನನ್ನ ತಲೆ ತಿಂದದ್ದು ಇದೊಂದೇ.

ಬಿಪಿ ಇರುವ ಹಿರಿಯರ ಊಟವನ್ನು ನಮ್ಮ ಊರಿನ ಅಡುಗೆಯಲ್ಲೇ ಸರಿಮಾಡಲು ಹೊರಟವರಿಗೆ ಉಳಿದದ್ದೆಲ್ಲ ಗೊತ್ತಿರುತ್ತದೆ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಬಾರದು. ಹುರುಳಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಜಾಸ್ತಿ ಕೊಟ್ಟು ಉಪ್ಪು ಇಳಿಸಬೇಕು. ಒಣಮೀನು ಹಬ್ಬಕ್ಕೆ ಮಾತ್ರ. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಮ್ಮನೆಯಲ್ಲಿ ತೊಂದರೆ ಇದ್ದದ್ದು ಗಂಜಿಯದ್ದಲ್ಲ, ಗಂಜಿಯ ಜೊತೆ ನೆಂಚಿಕೊಳ್ಳುವುದರದ್ದು. ಅಮ್ಮನಿಗೆ ಎಪ್ಪತ್ತು ದಾಟಿದೆ. ಮಳೆಗಾಲ ಬಂದರೆ ಅವರಿಗೆ ಭರಣಿಯ ಮಾವಿನಕಾಯಿಯೇ ಬೇಕು. ಗಾಂಧಾರಿ ಮೆಣಸು, ಒಂದು ಹಿಡಿ ತೆಂಗಿನತುರಿ ಸೇರಿಸಿ ಜಜ್ಜಿ, ಮೇಲೆ ನಾಲ್ಕು ಹನಿ ತೆಂಗಿನೆಣ್ಣೆ. ಅದಿಲ್ಲದಿದ್ದರೆ ಎರಡು ಸೌಟು ಉಂಡು ಬಟ್ಟಲು ದೂಡುತ್ತಾರೆ.

ಲೆಕ್ಕ ಹಾಕಿ ನೋಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲ ಸೇರಿ, ಒಂದು ಟೀ ಚಮಚ. ಕಾಯಿಯೊಳಗೆ ನೂರಕ್ಕೆ 15 ಭಾಗ ಉಪ್ಪು ಇಳಿದಿದ್ದರೆ, 20 ಗ್ರಾಂ ತುಂಡಿನಲ್ಲೇ 3 ಗ್ರಾಂ ಇರುತ್ತದೆ. ಬೆಳಗ್ಗಿನ ಗಂಜಿಗೇ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು ಮುಗಿಯಿತಲ್ವಾ?

ಹಾಗಾದರೆ ಭರಣಿಗೇ ಕಡಿಮೆ ಉಪ್ಪು ಹಾಕಬಹುದಲ್ಲ ಅಂತ ಕೇಳುವವರಿದ್ದಾರೆ. ಮಂಗಳೂರಿನ ಮಳೆಗಾಲ ನೋಡಿದವರು ಹಾಗೆ ಕೇಳುವುದಿಲ್ಲ. ಉಪ್ಪು ಇಳಿಸಿದರೆ ಮೇಲೆ ಬೂಷ್ಟು ಕಟ್ಟುತ್ತದೆ, ಕಾಯಿ ಮೆತ್ತಗಾಗುತ್ತದೆ. ಇಡುವಾಗ ಪೂರ್ತಿ ಉಪ್ಪು ಇರಲಿ, ತಿನ್ನುವಾಗ ಬಿಡಿಸೋಣ ಎಂಬುದೇ ನನ್ನ ಹಟ.

ಬಿಡಿಸುವುದೇನೂ ಹೊಸದಲ್ಲ. ಕಾಯಿಯ ಮೂರು ಪಟ್ಟು ನೀರಿನಲ್ಲಿ ನೆನೆಹಾಕಿ ಸಾಕಷ್ಟು ಹೊತ್ತು ಬಿಟ್ಟರೆ ಒಳಗೂ ಹೊರಗೂ ಉಪ್ಪು ಸಮ ಆಗುತ್ತದೆ. ಅಷ್ಟರಲ್ಲಿ ಕಾಯಿಯ ಉಪ್ಪು ಸುಮಾರು ಕಾಲು ಭಾಗಕ್ಕೆ ಇಳಿದಿರುತ್ತದೆ. ಆದರೆ ನೀರಿಗೆ ಉಪ್ಪೊಂದೇ ಹೋಗುವುದಿಲ್ಲ, ಹುಳಿಯೂ ಅದೇ ಬಾಗಿಲಲ್ಲಿ ಹೊರಡುತ್ತದೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಇದು ಮಾವಿನಕಾಯಿಯಾ, ಬೂದುಗುಂಬಳವಾ?" ಅಂದರು. ಅಂದವರೇ ಉಪ್ಪಿನ ಮರಿಗೆಗೆ ಕೈ ಹಾಕಿದರು. ಬಿಡಿಸಿದ್ದಕ್ಕಿಂತ ಜಾಸ್ತಿ ಉಪ್ಪು ಬಟ್ಟಲಿಗೆ ಬಿತ್ತು.

ಇಲ್ಲೊಂದು ಜಗಳ ಬರೆಯಲೇಬೇಕು. ಉಪ್ಪು ಎಷ್ಟು ಇಳಿಯಿತು ಅಂತ ಅಳೆಯಲು ಸಿಗಡಿ ಕೆರೆಯವರು ಬಳಸುತ್ತಾರಲ್ಲ, ಕಣ್ಣಿಗೆ ಹಿಡಿದು ನೋಡುವ ಉಪ್ಪಿನ ಮೀಟರ್, ಅದನ್ನು ತರಿಸಿದೆ. ಬಂದದ್ದು ಸಕ್ಕರೆ ಅಳೆಯುವುದು! ಅಂಗಡಿಯವನಿಗೆ ಫೋನು ಮಾಡಿದರೆ "ಎರಡೂ ಒಂದೇ ಸಾರ್, ಗಾಜು ಒಂದೇ" ಅಂದ. ಗಾಜು ಒಂದೇ ಇರಬಹುದು, ಒಳಗಿನ ಗೀಟು ಬೇರೆಯಲ್ವಾ? ಬದಲಾಯಿಸಿಕೊಡುತ್ತಾನೆಂದು ಕಾದು ಆಟಿ ಅಮಾವಾಸ್ಯೆಯೂ ಕಳೆಯಿತು. ಆ ದಿನದ ಪಾಲೆ ಮರದ ತೊಗಟೆಯ ಕಷಾಯ ಕುಡಿದು ಮೆಂತೆ ಗಂಜಿ ಉಂಡೂ ಆಯಿತು, ಮೀಟರ್ ಬರಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಕಲ್ಲುಪ್ಪು ಕೇಳಿದರೆ, "ಬಿಪಿಗೆ ಇದು ಒಳ್ಳೇದು" ಅಂತ ಗುಲಾಬಿ ಬಣ್ಣದ ಇಂದುಪ್ಪನ್ನು ದುಪ್ಪಟ್ಟು ಬೆಲೆಗೆ ಮುಂದಿಟ್ಟರು. ಅದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ವಯಸ್ಸಾದವರು ನಂಬಿಕೊಂಡು ಕೈತುಂಬ ಹಾಕಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಸರಿ, ಮಾವಿನಕಾಯಿಗೆ ಬರೋಣ. ಹೊರಗಿನ ನೀರಿನಲ್ಲಿ ಹುಳಿ ಇಲ್ಲದ್ದರಿಂದ ತಾನೇ ಒಳಗಿನ ಹುಳಿ ಹೊರಗೆ ಓಡುವುದು? ನೀರಿನಲ್ಲೇ ಅಷ್ಟು ಹುಳಿ ಇದ್ದರೆ ಅದಕ್ಕೆ ಹೊರಡುವ ಕಾರಣವೇ ಇಲ್ಲ. ಉಪ್ಪು ಮಾತ್ರ ಇಳಿಯಬೇಕು. ಹೊಳೆದದ್ದು ಇಷ್ಟೇ. ಆದರೆ ಯಾವ ಹುಳಿ? ಹುಣಸೆ ನೀರಿನಲ್ಲಿ ಕಾಯಿ ಕಂದಾಯಿತು, ರುಚಿಯೂ ಸಾರಿನ ಕಡೆ ಹೋಯಿತು. ಪುನರ್ಪುಳಿ (ಕೋಕಂ) ಹಾಕಿದರೆ ತುಂಡೆಲ್ಲ ಕೆಂಪು. ಹಿತ್ತಲಲ್ಲಿ ಬಿಂಬುಳಿ ಎಂಬ ಹುಳಿಕಾಯಿ ಸುರಿದು ಬಿದ್ದಿತ್ತು. ಅದನ್ನು ಬೇಕೆಂದೇ ಬಿಟ್ಟೆ. ಬಿಂಬುಳಿಯಲ್ಲಿ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ತುಂಬ ಜಾಸ್ತಿ, ಅದರ ಗಟ್ಟಿ ರಸ ಕುಡಿದು ಕಿಡ್ನಿ ಕೆಟ್ಟವರಿದ್ದಾರೆ. ಬಿಪಿ ಇರುವವರ ಕಿಡ್ನಿ ಮೊದಲೇ ಸೋತಿರಬಹುದು.

ಕೊನೆಗೆ ಕೈಗೆ ಬಂದದ್ದು ಬೇಸಿಗೆಯಲ್ಲಿ ಬಿಸಿಲಿಗೆ ಒಣಗಿಸಿಟ್ಟ ಹುಳಿಮಾವಿನ ಹೋಳು. ಉಪ್ಪು ಹಾಕದೆ ಒಣಗಿಸಿದ್ದು. ಒಂದು ಹಿಡಿ ಹೋಳನ್ನು ನೀರಿನಲ್ಲಿ ಕುದಿಸಿ, ಸೋಸಿ, ಆರಿಸಿದೆ. ನಾಲಿಗೆಗೆ ಭರಣಿಯ ಕಾಯಿಯಷ್ಟೇ ಹುಳಿ ಬರುವ ತನಕ ನೀರು ಸೇರಿಸಿದೆ. ಕಾಯಿಯನ್ನು ಗೊರಟಿನ ತನಕ ನಾಲ್ಕಾಗಿ ಸೀಳಿ ಅದರಲ್ಲಿ ಮುಳುಗಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಉಪ್ಪಿನ ಮೀಟರ್ ಇರುವವರಿಗೆ ಒಂದು ಮಾತು: ಅದು ನೀರಿನಲ್ಲಿ ಕರಗಿದ್ದನ್ನೆಲ್ಲ ಉಪ್ಪು ಅಂತಲೇ ತೋರಿಸುತ್ತದೆ. ಹಾಗಾಗಿ ಮೊದಲು ಬರೀ ಹುಳಿನೀರು ಬಿಟ್ಟು ಸೊನ್ನೆಗೆ ತಂದುಕೊಳ್ಳಿ, ಆಮೇಲೆ ನೆನೆಸಿದ ನೀರು ನೋಡಿ. ಇಲ್ಲದಿದ್ದರೆ ಹುಳಿಯೇ ಉಪ್ಪಾಗಿ ಕಾಣುತ್ತದೆ.

ಬೆಳಿಗ್ಗೆ ಒಂದು ತುಂಡು ಎತ್ತಿ ಹಲಗೆಯ ಮೇಲೆ ಒತ್ತಿದೆ. ಸಿಪ್ಪೆ ಸುಕ್ಕು ಬಿಟ್ಟು ಉಬ್ಬಿತ್ತು. ಬೆರಳಿಗೆ ಗಟ್ಟಿ ಸಿಕ್ಕಿತು, ಕತ್ತಿ ಇಟ್ಟಾಗ ಕರಕ್ ಅಂತು. ಕಿವಿಯ ಹಿಂದೆ ಜುಮ್ ಅನ್ನುವ ಹುಳಿ ಹಾಗೇ ಇತ್ತು. ಉಪ್ಪು ಮಾತ್ರ ಹಿಂದೆಲ್ಲೋ ಸ್ವಲ್ಪ.

ಅಮ್ಮನ ಬಟ್ಟಲಿನಲ್ಲಿ ಇಷ್ಟು ಮಾತ್ರದಿಂದ ಕೆಲಸ ಆಗುತ್ತಿರಲಿಲ್ಲ. ತುತ್ತು ಬಾಯಿಗೆ ಹೋಗುವ ಮೊದಲೇ ಉಪ್ಪಿಗೆ ಹೋಗುವ ಕೈಯನ್ನು ಏನು ಮಾಡುವುದು? ಇಲ್ಲಿ ನನಗೆ ದಾರಿ ಕೊಟ್ಟದ್ದು ಬುದ್ಧ. ಬೌದ್ಧರ ಪಾಲಿ ಗ್ರಂಥ ಸಂಯುತ್ತ ನಿಕಾಯದಲ್ಲಿ ಕೋಸಲದ ರಾಜ ಪಸೇನದಿಯ ಕಥೆ ಇದೆ. ಕೊಳಗಗಟ್ಟಲೆ ಅನ್ನ ಉಂಡು ಏದುಸಿರು ಬಿಡುತ್ತ ಬುದ್ಧನ ಹತ್ತಿರ ಬರುತ್ತಾನೆ. ಬುದ್ಧ ಬೈಯುವುದಿಲ್ಲ, ಉಪವಾಸ ಮಾಡು ಅನ್ನುವುದೂ ಇಲ್ಲ. ಎಚ್ಚರ ಇದ್ದು ಊಟದ ಅಳತೆ ತಿಳಿದವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬರ್ಥದ ಒಂದು ಪದ್ಯ ಹೇಳುತ್ತಾನೆ. ರಾಜನ ಜೊತೆಗಿದ್ದ ಹುಡುಗ ಸುದಸ್ಸನ ಅದನ್ನು ಕಲಿತು ಪ್ರತಿ ಊಟದ ಹೊತ್ತಿಗೂ ಹೇಳುತ್ತಾನೆ. ರಾಜನ ಅನ್ನ ಮೆಲ್ಲಮೆಲ್ಲಗೆ ಇಳಿಯುತ್ತದೆ. ಆ ಮೆಲ್ಲಮೆಲ್ಲಗೆ ಎಂಬುದು ನನಗೆ ಬಹಳ ಹಿಡಿಸಿತು. ನಾಲಿಗೆಯೂ ಕಡಿಮೆ ಉಪ್ಪಿಗೆ ಒಗ್ಗುವುದು ವಾರಗಟ್ಟಲೆ ಹೊತ್ತು ತೆಗೆದುಕೊಂಡೇ. ಒಂದೇ ದಿನ ಕಿತ್ತುಕೊಂಡರೆ ಹಿರಿಯರು ಊಟವನ್ನೇ ಬಿಡುತ್ತಾರೆ.

ನಮ್ಮ ಸುದಸ್ಸನ ಅಂದರೆ ಮಗಳು. ಬಟ್ಟಲು ಇಟ್ಟ ಕೂಡಲೇ "ಅಜ್ಜಿ, ಮೊದಲ ಮೂರು ತುತ್ತು ಸುಮ್ನೆ" ಅನ್ನುತ್ತಾಳೆ. ಮೂರು ತುತ್ತು ಟಿವಿ ಇಲ್ಲ, ಮಾತಿಲ್ಲ, ಉಪ್ಪಿಲ್ಲ. ಅಗಿಯುವುದು, ಹುಳಿ ಎಲ್ಲಿ ತಾಗಿತು ನೋಡುವುದು, ಅಷ್ಟೇ. ಆಮೇಲೂ ಉಪ್ಪು ಬೇಕಾದರೆ ಹಾಕಿಕೊಳ್ಳಬಹುದು. ಹೆಚ್ಚಿನ ಬೆಳಿಗ್ಗೆ ಈಗ ಕೈ ಆ ಕಡೆ ಹೋಗುವುದಿಲ್ಲ.

ಧ್ಯಾನ ಅಂದರೆ ಮುಖ ತಿರುಗಿಸುತ್ತಿದ್ದ ಅಮ್ಮ, ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರನ ಹೆಸರು ಹೇಳಿದ ಮೇಲೆ ಕೂತರು. ಆ ಮೂರು ಮುಖ, ಆರು ಕೈಯ ಕಂಚಿನ ಮೂರ್ತಿಯನ್ನು ಆಳುಪ ರಾಜ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಶಾಸನದಲ್ಲಿ ಕದರಿಕಾ ವಿಹಾರ ಅಂತಲೇ ಇದೆ. ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ ಎನ್ನುತ್ತಾರೆ ಇತಿಹಾಸದವರು. ಅಮ್ಮ ಚಿಕ್ಕಂದಿನಿಂದ ಕೈಮುಗಿದ ದೇವರು. ಸಂಜೆ ಅವನನ್ನು ನೆನೆದು ಉಸಿರು ನೋಡುತ್ತ ಸ್ವಲ್ಪ ಹೊತ್ತು ಕೂರುತ್ತಾರೆ.

ಅದರಿಂದ ಅಳತೆಗೆ ಒಂದು ತೊಡಕು ಬಂತು. ನಿಧಾನ ಉಸಿರಾಡಿ ಎದ್ದ ಕೂಡಲೇ ಅಳೆದರೆ ಬಿಪಿ ಕಡಿಮೆ ತೋರಿಸುತ್ತದೆ. ಅದು ಮಾವಿನಕಾಯಿಯ ಕೆಲಸವಾ, ಉಸಿರಿನದ್ದಾ? ಆದ್ದರಿಂದ ಈಗ ಕೂರುವ ಮೊದಲೇ ಅಳೆಯುತ್ತೇವೆ. ಐದು ನಿಮಿಷ ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ ಇಲ್ಲ. ಅಂಕೆ ಡಾಕ್ಟರ ಪುಸ್ತಕಕ್ಕೆ ಹೋಗುತ್ತದೆ. ಮಾತ್ರೆ ಎಂದಿನಂತೆ ನಡೆಯುತ್ತಿದೆ. ಅದಕ್ಕೆ ಯಾರೂ ಕೈ ಹಾಕಬೇಡಿ.

ಕಡಿಮೆ ಸೋಡಿಯಂ ಉಪ್ಪು ಯಾಕೆ ಬೇಡ ಅಂತ ಕೇಳಿದವರಿಗೆ: ಬೇಡ ಅಂತಲ್ಲ. ಚೀನಾದ 600 ಹಳ್ಳಿಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಕಡಿಮೆಯಾಗಿತ್ತು. ಆದರೆ ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಅಮ್ಮ ತೆಗೆದುಕೊಳ್ಳುವ ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆಯೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು. ಕಿಡ್ನಿ ತೊಂದರೆ ಇದ್ದರಂತೂ ಡಾಕ್ಟರನ್ನು ಕೇಳದೆ ಆ ಪ್ಯಾಕೆಟ್ ಒಡೆಯಬೇಡಿ.

ಮುಂದಿನದು ಉಪ್ಪಡ್ ಪಚ್ಚಿಲ್, ಅಂದರೆ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಹಲಸಿನ ಸೊಳೆಗೆ ಹುಳಿಯೇ ಇಲ್ಲ, ಹಾಗಾಗಿ ಹುಳಿನೀರಿನ ಉಪಾಯ ಅಲ್ಲಿ ನಡೆಯುವುದಿಲ್ಲ. ಬರೀ ನೀರಿನಲ್ಲಿ ಉಪ್ಪು ಬಿಡುತ್ತದೆ, ಆದರೆ ಪಲ್ಯ ಮಾಡುವಾಗ ಸೊಳೆ ಮುದ್ದೆಯಾಗುತ್ತದೆ. ಬಿಸಿನೀರಿನಲ್ಲಿ ಬೇಗ ಬಿಡಿಸಿ ಕೂಡಲೇ ತಣ್ಣೀರಿಗೆ ಹಾಕಿ ನೋಡುವ ಯೋಚನೆ ಇದೆ. ಸೊಳೆ ಗಟ್ಟಿ ಉಳಿಸಿಕೊಂಡು ಉಪ್ಪು ಬಿಡಿಸಿದವರು ಯಾರಾದರೂ ಇದ್ದರೆ, ನೀರು ಎಷ್ಟು ಬಿಸಿ ಇತ್ತು, ಎಷ್ಟು ಹೊತ್ತು ಬಿಟ್ಟಿರಿ ಅಂತ ದಯವಿಟ್ಟು ತಿಳಿಸಿ.