ಮೊದಲ ಖರ್ಚು ಬಾಗಿಲಿಗೆ: ಕಡಿಮೆ ದುಡ್ಡಿನಲ್ಲಿ ಕಾರಿನ ಸ್ಟೀರಿಯೊ

ಕಾರಿನಲ್ಲಿ ಹಾಡು ಸಪ್ಪೆಯಾಗಿ ಕೇಳಿಸಿದರೆ ಹೆಚ್ಚಿನವರು ಮೊದಲು ಬದಲಿಸುವುದು ಡ್ಯಾಶ್‌ಬೋರ್ಡಿನ ಡೆಕ್ಕನ್ನು. ದೊಡ್ಡ ಪರದೆ ಬರುತ್ತದೆ, ಸ್ವರ ಮಾತ್ರ ಇದ್ದಲ್ಲೇ ಇರುತ್ತದೆ. ಕಂಪನಿಯ ಡೆಕ್ಕಿನೊಳಗೂ ಅಗ್ಗದ ಆಂಡ್ರಾಯ್ಡ್ ಡೆಕ್ಕಿನೊಳಗೂ ಇರುವುದು ಹೆಚ್ಚುಕಡಿಮೆ ಒಂದೇ ತರಹದ ಆಂಪ್ ಐಸಿ, ಅಂದರೆ ಸ್ಪೀಕರಿಗೆ ಬಲ ಕೊಡುವ ಚಿಪ್. ಪೆಟ್ಟಿಗೆಯ ಮೇಲೆ '4 × 50 ವ್ಯಾಟ್' ಎಂದು ಅಚ್ಚು ಹಾಕಿದ್ದರೂ, ಕಾರಿನ 14 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಸ್ವರ ಒಡೆಯದೆ ಸಿಗುವುದು ಚಾನೆಲಿಗೆ 15ರಿಂದ 20 ವ್ಯಾಟ್ ಅಷ್ಟೆ. ಆದ್ದರಿಂದ ಕೈಯಲ್ಲಿ 15,000 ರೂಪಾಯಿ ಇದ್ದರೆ ಡೆಕ್ಕನ್ನು ಮುಟ್ಟಬೇಡಿ. ಸುಮಾರು 2,000 ಮುಂದಿನ ಎರಡು ಬಾಗಿಲುಗಳ ಅದುರು ಅಡಗಿಸುವ ಡ್ಯಾಂಪಿಂಗ್ ಶೀಟಿಗೆ, 4,000–5,000 ಮುಂದಿನ ಸ್ಪೀಕರ್ ಜೋಡಿಗೆ, ಉಳಿದದ್ದು ಸಣ್ಣ ಆಂಪಿಗೂ ತಂತಿಗೂ. ಹಿಂದಿನ ಬಾಗಿಲುಗಳಿಗೆ ಒಂದು ರೂಪಾಯಿಯೂ ಬೇಡ. ಕಂಪನಿಯ ಸ್ಪೀಕರುಗಳೇ ಅಲ್ಲಿ ಸಾಕು, ಸದ್ದನ್ನು ಮುಂದೆ ಹಿಂದೆ ಹಂಚುವ ಫೇಡರನ್ನು ಸ್ವಲ್ಪ ಮುಂದಕ್ಕೆ ತಳ್ಳಿದರಾಯಿತು.

ಬಾಗಿಲಿಗೇಕೆ ಮೊದಲ ಮರ್ಯಾದೆ? ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇದ್ದ ಹಾಗೆ ಕಾರಿನ ಸ್ಪೀಕರಿಗೆ ಬಾಗಿಲೇ ಪೆಟ್ಟಿಗೆ. ಆ ಪೆಟ್ಟಿಗೆಯಾದರೋ ತೆಳು ತಗಡಿನದು, ಒಳಮೈ ತುಂಬ ಕಿಂಡಿಗಳು. ಸ್ಪೀಕರಿನಲ್ಲಿ ಅದುರುವ ಕೋನ್ ಮುಂದಕ್ಕೆ ಬಂದಾಗ ಅದರ ಬೆನ್ನಲ್ಲಿ ತದ್ವಿರುದ್ಧವಾದ ಅಲೆ ಹುಟ್ಟುತ್ತದೆ. ಕಿಂಡಿಗಳಿಂದ ಅದು ಹೊರಬಂದು ಮುಂದಿನ ಅಲೆಯನ್ನು ನುಂಗುತ್ತದೆ. ಮದ್ದಳೆಯ ಗುಂಗು ಕಾಣೆಯಾಗುವುದು ಇಲ್ಲಿಯೇ. ಇದನ್ನು ಹಾಗೆಯೇ ಬಿಟ್ಟು 10,000 ರೂಪಾಯಿಯ ಸ್ಪೀಕರ್ ಕೂರಿಸಿದರೂ ಫಲ ಕಡಿಮೆ.

ಕೆಲಸಕ್ಕೆ ಒಣ ದಿನ ಆರಿಸಿಕೊಳ್ಳಿ. ತುಳುವರ ಆಟಿ ತಿಂಗಳ ಮಳೆಯಲ್ಲಿ ತಗಡಿನ ಮೇಲೆ ಕಣ್ಣಿಗೆ ಕಾಣದ ತೇವ ಇರುತ್ತದೆ, ಶೀಟು ಹಿಡಿಯುವುದಿಲ್ಲ. ಹಿಡಿಕೆಯ ಹಿಂದಿನ ಮತ್ತು ಕೈಯಿಡುವ ಗುಳಿಯ ಸ್ಕ್ರೂಗಳನ್ನು ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡಿನ ಕೆಳ ಅಂಚನ್ನು ಮೀಟಿ. ಒಂದೆರಡು ಕ್ಲಿಪ್ ಮುರಿಯುವುದು ಮಾಮೂಲು, ಐದಾರು ಹೆಚ್ಚುವರಿ ತಂದಿಟ್ಟುಕೊಳ್ಳಿ. ಪವರ್ ವಿಂಡೋದ ಕಪ್ಲರ್ (ತಂತಿ ಕೂಡಿಸುವ ಪ್ಲಗ್) ಬಿಚ್ಚದೆ ಪ್ಯಾಡನ್ನು ಎಳೆಯಬೇಡಿ. ಒಳಗೆ ಕಪ್ಪು ಅಂಟಿನಲ್ಲಿ ಹಚ್ಚಿದ ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಗಾಜಿನ ಬದಿಯಿಂದ ಇಳಿಯುವ ಮಳೆನೀರು ಪ್ಯಾಡಿಗೆ ಬಾರದಂತೆ ತಡೆಯುವುದು ಅದೇ. ಅದನ್ನು ಹರಿದು ಎಸೆದು ಬರೇ ಪ್ಯಾಡ್ ಮುಚ್ಚಿದ ಕಾರುಗಳಲ್ಲಿ ಮೊದಲ ಮಳೆಗೇ ಮ್ಯಾಟ್ ಒದ್ದೆಯಾಗುತ್ತದೆ.

ಶೀಟು ಅಲ್ಯುಮಿನಿಯಂ ಹೊದಿಕೆಯ ಬ್ಯುಟೈಲ್ ರಬ್ಬರಿನದೇ ಆಗಿರಲಿ, 2 ಮಿಲಿಮೀಟರ್ ದಪ್ಪ. ಡಾಂಬರು ಆಧಾರದ ಅಗ್ಗದ ಶೀಟು ಏಪ್ರಿಲ್ ಬಿಸಿಲಿಗೆ ಕರಗಿ ಜಾರುತ್ತದೆ, ವಾಸನೆಯೂ ಹೋಗುವುದಿಲ್ಲ. ಹೊರತಗಡಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಸ್ಪೀಕರಿನ ನೇರ ಹಿಂದಿನ ಜಾಗಕ್ಕೆ ಮೊದಲ ತುಂಡು ಹಚ್ಚಿ, ರೋಲರಿನಿಂದ ಗಟ್ಟಿಯಾಗಿ ಒತ್ತಿ. ತಗಡನ್ನು ಪೂರ್ತಿ ಮುಚ್ಚುವ ಅಗತ್ಯವಿಲ್ಲ, ಮೂರರಲ್ಲೊಂದು ಭಾಗ ಮುಚ್ಚಿದರೆ ಅದರ ಕಂಪನ ಅಡಗುತ್ತದೆ. ಇನ್ನು ಒಳತಗಡಿನ ಕಿಂಡಿಗಳು. ದೊಡ್ಡ ಕಿಂಡಿಗೆ ಬರೇ ಬ್ಯುಟೈಲ್ ಹಚ್ಚಿದರೆ ಅದು ಡೋಲಿನ ಚರ್ಮದಂತೆ ಅದುರುತ್ತದೆ. ಅದಕ್ಕೆ ತೆಳು ಅಲ್ಯುಮಿನಿಯಂ ತುಂಡೊಂದನ್ನು ಸ್ಕ್ರೂ ಹಾಕಿ ಕೂರಿಸಿ, ಮೇಲೆ ಶೀಟು ಹಚ್ಚಿ. ಮುಂದೆ ಗಾಜಿನ ಮೋಟಾರು ಕೆಟ್ಟರೆ ಬಿಚ್ಚಲು ದಾರಿ ಇರುತ್ತದೆ. ಬಾಗಿಲಿನ ತಳದಲ್ಲಿರುವ ನೀರು ಹೋಗುವ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಮುಚ್ಚಿದರೆ ಬಾಗಿಲು ನೀರಿನ ತೊಟ್ಟಿಯಾಗಿ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಸ್ಪೀಕರ್ ಆರಿಸುವಾಗ ವ್ಯಾಟ್ ನೋಡುವುದಕ್ಕಿಂತ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟಿಗೆ ಎಷ್ಟು ಸದ್ದು ಎಂಬುದನ್ನು ನೋಡಿ. 88 ಡೆಸಿಬೆಲ್‌ನ ಸ್ಪೀಕರಿಗೆ 20 ವ್ಯಾಟ್ ಕೊಟ್ಟಾಗ ಬರುವ ಸದ್ದನ್ನು 91 ಡೆಸಿಬೆಲ್‌ನದು 10 ವ್ಯಾಟಿನಲ್ಲೇ ಕೊಡುತ್ತದೆ. ಆಂಪ್ ಇಲ್ಲದೆ ಕಂಪನಿ ಡೆಕ್ಕಿನಲ್ಲೇ ಓಡಿಸುವವರಿಗೆ ಇದು ದೊಡ್ಡ ಉಳಿತಾಯ. ಕೋನ್ ಪಾಲಿಪ್ರೊಪಿಲೀನಿನದ್ದಿರಲಿ. ಕಡಲ ಬದಿಯ ಈ ತೇವದಲ್ಲಿ ಬರೇ ಕಾಗದದ ಕೋನ್ ಬೇಗ ಮೆತ್ತಗಾಗುತ್ತದೆ. ಕನ್ನಡಿಯ ಹತ್ತಿರ ಟ್ವೀಟರಿಗೆ (ಏರು ಸ್ವರದ ಪುಟ್ಟ ಸ್ಪೀಕರ್) ಜಾಗ ಇದ್ದರೆ ಅದು ಬೇರೆಯಾಗಿ ಬರುವ ಕಾಂಪೊನೆಂಟ್ ಜೋಡಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಟ್ವೀಟರ್ ಒಳಗೇ ಇರುವ ಕೊಆಕ್ಸಿಯಲ್ ಧಾರಾಳ ಸಾಕು.

ಕೂರಿಸುವ ಮೊದಲು ಗಾಜನ್ನು ಪೂರ್ತಿ ಇಳಿಸಿ ಮ್ಯಾಗ್ನೆಟಿಗೂ ಗಾಜಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆಂದು ಅಳೆಯಿರಿ. ತಾಗುವಂತಿದ್ದರೆ ನಡುವೆ ಉಂಗುರ ಬೇಕು. ಅಂಗಡಿಯಲ್ಲಿ ಎಂಡಿಎಫ್ (ಮರದ ನಾರು ಒತ್ತಿದ ಹಲಗೆ) ಉಂಗುರ ಕೊಟ್ಟರೆ ಬೇಡವೆನ್ನಿ: ಎರಡು ಮಳೆಗಾಲದಲ್ಲಿ ಅದು ಉಬ್ಬಿ ಪುಡಿಯಾಗುತ್ತದೆ. ಎಬಿಎಸ್ ಪ್ಲಾಸ್ಟಿಕ್ಕಿನದು ಕೇಳಿ. ಕೆಲವು ಕಾರುಗಳಲ್ಲಿ ಹಳೆಯ ಸ್ಪೀಕರಿಗೆ ರಿವೆಟ್ ಹೊಡೆದಿರುತ್ತಾರೆ. ತಲೆಯನ್ನು ಡ್ರಿಲ್ ಮಾಡಿ ತೆಗೆದು, ಬಿದ್ದ ಲೋಹದ ಚೂರುಗಳನ್ನು ಪೂರ್ತಿ ಗುಡಿಸಿ. ಒಂದು ಚೂರು ಹೊಸ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಅಂಟಿದರೂ ಕಾಯಿಲ್ ಕೆರೆಯುತ್ತದೆ. ಸ್ಪೀಕರಿನ ಸುತ್ತ ಫೋಮ್ ಪಟ್ಟಿ, ಬೆನ್ನಿನ ಮೇಲ್ಗಡೆ ಬ್ಯುಟೈಲಿನಿಂದ ಸಣ್ಣದೊಂದು ಸೂರು ಮಾಡಿದರೆ ನೀರು ಟರ್ಮಿನಲಿನ ಮೇಲೆ ಬೀಳುವುದಿಲ್ಲ.

ತಂತಿಯ ಪ್ಲಸ್ ಮೈನಸ್ ಗೊತ್ತಾಗದಿದ್ದರೆ ಡೆಕ್ಕಿನ ಕಪ್ಲರ್ ತೆಗೆದು, ಆ ತುದಿಯಲ್ಲಿ 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಪ್ಲಸ್ ತಂತಿ. ಒಂದು ಬಾಗಿಲಲ್ಲಿ ಇದು ತಿರುಗುಮುರುಗಾದರೆ ಎರಡೂ ಸ್ಪೀಕರ್ ಹಾಡುತ್ತವೆ, ಬಾಸ್ ಮಾತ್ರ ಇರುವುದಿಲ್ಲ. 'ಹೊಸ ಸ್ಪೀಕರ್ ಹಾಕಿದೆ, ಮೊದಲಿನದೇ ವಾಸಿ' ಎನ್ನುವ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನು. ಇನ್ನೊಂದು ಮಾತು: ಸ್ಪೀಕರಿನ ಮೈನಸ್ ಎಂದರೆ ಕಾರಿನ ಲೋಹದ ಮೈಗೆ ಕೊಡುವ ಅರ್ಥ್ ಅಲ್ಲ. ಡೆಕ್ಕಿನ ಎರಡೂ ತಂತಿಗಳಲ್ಲಿ 6–7 ವೋಲ್ಟ್ ನಿಂತಿರುತ್ತದೆ, ಒಂದನ್ನು ಕಾರಿನ ಮೈಯ ಲೋಹಕ್ಕೆ ತಾಗಿಸಿದರೆ ಐಸಿಗೆ ಅಪಾಯ. ಕಂಪನಿಯ ತಂತಿಯನ್ನು ಕತ್ತರಿಸದೆ ನಿಮ್ಮ ಮಾಡೆಲಿನ ಕಪ್ಲರನ್ನೇ ಕೊಳ್ಳಿ. ಸುತ್ತಿದ ಟೇಪಿನ ಅಂಟು ಬಿಸಿಗೂ ತೇವಕ್ಕೂ ಬಿಟ್ಟುಕೊಳ್ಳುವುದರಿಂದ ಕೂಡುಗಳಿಗೆ ಬೆಸುಗೆ ಹಾಕಿ ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ.

ಆಂಪ್ ಚಾನೆಲಿಗೆ 50 ವ್ಯಾಟ್ ಆರ್‌ಎಂಎಸ್‌ನ (ಎಡೆಬಿಡದೆ ಸಿಗುವ ಬಲ) ನಾಲ್ಕು ಚಾನೆಲಿನದು ಸಾಕು. ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಅದರಲ್ಲಿದ್ದರೆ ಕಂಪನಿ ಡೆಕ್ ಉಳಿಯುತ್ತದೆ. ಎರಡು ಚಾನೆಲ್ ಮುಂದಿನ ಬಾಗಿಲಿಗೆ, ಉಳಿದೆರಡನ್ನು ಬ್ರಿಡ್ಜ್ ಮಾಡಿ, ಅಂದರೆ ಒಂದಾಗಿ ಕೂಡಿಸಿ, ಮುಂದೆಂದಾದರೂ ತಗ್ಗು ಸ್ವರಕ್ಕೇ ಇರುವ ಒಂದು 4 ಓಮ್ ಸಬ್‌ವೂಫರಿಗೆ. ಒಟ್ಟು 200 ವ್ಯಾಟಿಗೆ ಕ್ಲಾಸ್ ಎಬಿ ಆಂಪ್ ಎಳೆಯುವುದು ಸುಮಾರು 26 ಆಂಪಿಯರ್. ಅದಕ್ಕೆ 8 ಗೇಜಿನ ತಂತಿ, 30 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಇರಲೇಬೇಕು. ಎಂಜಿನ್ ಗೋಡೆ ದಾಟುವಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊಯ್ಯುತ್ತದೆ, ಬೆಂಕಿ ಹತ್ತುವುದು ಹಾಗೆ. ತಂತಿ ಶುದ್ಧ ತಾಮ್ರದ್ದೇ ಎಂದು ನೋಡಲು ಎಳೆಯೊಂದನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಉಪ್ಪುಗಾಳಿಯಲ್ಲಿ ಅದು ಬಾಳುವುದಿಲ್ಲ. ಆಂಪನ್ನು ಆನ್ ಮಾಡುವ ರಿಮೋಟ್ ತಂತಿಯನ್ನು ಸದಾ ಕರೆಂಟ್ ಇರುವ ಹಳದಿ ತಂತಿಗೆ ಕೊಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ.

ಆಂಪನ್ನು ಸೀಟಿನಡಿಯಲ್ಲಿ ಇಡುವುದಾದರೆ ಡ್ರೈವರಿನ ಸೀಟೇ ಮೇಲು. ಎಸಿಯ ನೀರಿನ ಕೊಳವೆ ಕಟ್ಟಿಕೊಂಡರೆ ನೀರು ಸೋರುವುದು ಹೆಚ್ಚಾಗಿ ಎಡಗಡೆ. ಹಾಗಿದ್ದರೂ ಕಾರ್ಪೆಟಿನಿಂದ 2 ಸೆಂಟಿಮೀಟರ್ ಎತ್ತರಿಸಿಯೇ ಕೂರಿಸಿ. ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕೀಂಯ್ ಸದ್ದು ಬಂದರೆ ತಪ್ಪು ಹೆಚ್ಚಾಗಿ ಅರ್ಥಿನಲ್ಲಿ.

ಆಂಪಿಗೆ ಬರುವ ಸಿಗ್ನಲನ್ನು ಹಿಗ್ಗಿಸುವ ಗೇನ್ ತಿರುಪನ್ನು ಕಿವಿಯಿಂದ ಹೊಂದಿಸಬೇಡಿ. ಸ್ಪೀಕರ್ ತಂತಿ ತೆಗೆದು, ಡೆಕ್ಕಿನ ಇಕ್ವಲೈಸರ್ ಸೊನ್ನೆಗೆ ತಂದು, ವಾಲ್ಯೂಮ್ ನಾಲ್ಕರಲ್ಲಿ ಮೂರು ಪಾಲು ಇಟ್ಟು 1 ಕಿಲೋಹರ್ಟ್ಸ್, 0 ಡೆಸಿಬೆಲ್ ಟೋನ್ ಹಾಕಿ. 50 ವ್ಯಾಟನ್ನು 4 ಓಮಿನಿಂದ ಗುಣಿಸಿದರೆ 200, ಅದರ ವರ್ಗಮೂಲ ಸುಮಾರು 14. ಆಂಪಿನ ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ 14 ವೋಲ್ಟ್ ಎಸಿ ತೋರಿಸುವಲ್ಲಿಗೆ ಗೇನ್ ನಿಲ್ಲಿಸಿ. ಅದಕ್ಕಿಂತ ತಗ್ಗಿನ ಸ್ವರವನ್ನು ತಡೆಯುವ ಹೈ ಪಾಸ್ ಫಿಲ್ಟರ್ 80 ಹರ್ಟ್ಸ್‌ನಲ್ಲಿರಲಿ.

ಕೊನೆಯ ಪರೀಕ್ಷೆಗೆ ತೆಂಕುತಿಟ್ಟು ಯಕ್ಷಗಾನದ ಒಳ್ಳೆಯ ರೆಕಾರ್ಡಿಂಗಿಗಿಂತ ಬೇರೆ ಬೇಡ, ವಾಟ್ಸಾಪಿನಲ್ಲಿ ಬಂದ ತುಣುಕು ಮಾತ್ರ ಆಗದು. ಭಾಗವತರ ಸ್ವರ ಡ್ಯಾಶ್‌ಬೋರ್ಡಿನ ನಡುವಿನಿಂದ ಬರಬೇಕು. ಚಕ್ರತಾಳ ಕಿವಿಗೆ ಚುಚ್ಚಿದರೆ, ಸ್ವರವನ್ನು ಟ್ವೀಟರಿಗೂ ದೊಡ್ಡ ಸ್ಪೀಕರಿಗೂ ಹಂಚುವ ಕ್ರಾಸ್‌ಓವರಿನಲ್ಲಿ ಟ್ವೀಟರನ್ನು 3 ಡೆಸಿಬೆಲ್ ಇಳಿಸಿ. ಚೆಂಡೆಯ ಏಟಿಗೆ ಡೋರ್ ಪ್ಯಾಡ್ ಗಿರಗಿರ ಎಂದರೆ ಸ್ಪೀಕರನ್ನು ದೂರಬೇಡಿ, ಒಂದು ಕ್ಲಿಪ್ ಕೂತಿಲ್ಲ ಅಥವಾ ಲಾಕಿನ ಸರಳು ತಗಡಿಗೆ ಬಡಿಯುತ್ತಿದೆ.

ಆಂಪಿನ ಅರ್ಥ್ ಬೋಲ್ಟಿನಡಿ ಪೇಂಟ್ ಕೆರೆದು ಬರೇ ಲೋಹಕ್ಕೆ ಬಿಗಿದ ಮೇಲೆ ಸುತ್ತ ಗ್ರೀಸ್ ಹಚ್ಚಿ. ಮಳೆಗಾಲ ಮುಗಿದ ಕೂಡಲೇ ಒಮ್ಮೆ ಬಿಚ್ಚಿ ನೋಡಿ. ಹಸಿರು ಪುಡಿ ಕಂಡರೆ ಹೊಳೆಯುವ ತಾಮ್ರ ಸಿಗುವವರೆಗೆ ತಂತಿಯನ್ನು ಕತ್ತರಿಸಿ ತುದಿಗೆ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ.